ಎಲ್ಲೂ ಸಿಗದ ಸಿನಿಮಾವನ್ನು ಕಳ್ಳ ಲಿಂಕಿನಿಂದ ಇಳಿಸಿಕೊಂಡರೆ ಅಪರಾಧವಾ? ತಪ್ಪಾ? ಎರಡೂನಾ?

ಕಿಟಕಿಪಕ್ಕ:
ತಲೆ ಕೊರೆಯುತ್ತಿರುವ ಒಂದು ಪ್ರಶ್ನೆ. ನಾನು ದುಡ್ಡು ಕಟ್ಟಿ ನೋಡುವ ಒಟಿಟಿಯಲ್ಲಿ ಒಂದು ಹಳೇ ಸಿನಿಮಾ ಇತ್ತು. ಅರ್ಧ ನೋಡಿ, ಉಳಿದದ್ದು ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ. ಮತ್ತೆ ತೆರೆದರೆ ಸಿನಿಮಾನೇ ಮಾಯ. ಪರವಾನಗಿ ಅವಧಿ ಮುಗಿಯಿತಂತೆ. ಬೇರೆ ಎಲ್ಲಾ ಕಡೆ ಹುಡುಕಿದೆ. ಬಾಡಿಗೆಗೂ ಇಲ್ಲ, ಕೊಳ್ಳೋಣ ಅಂದರೂ ಇಲ್ಲ, ಡಿವಿಡಿ ಬರುವುದು ಯಾವತ್ತೋ ನಿಂತಿದೆ. ಇದನ್ನು ಕೇಳಿದ ಗೆಳೆಯ ತಕ್ಷಣ ಒಂದು ಟೊರೆಂಟ್ ಲಿಂಕ್ ಕಳಿಸಿದ. ಇನ್ನೂ ಒತ್ತಿಲ್ಲ.

ನನ್ನ ಪ್ರಶ್ನೆ ಎರಡು. ಒತ್ತಿದರೆ ಕಾನೂನಿನ ಪ್ರಕಾರ ನಾನು ಅಪರಾಧಿಯಾ? ಕಾನೂನು ಪಕ್ಕಕ್ಕಿಡಿ, ಅದು ತಪ್ಪು ಕೆಲಸವಾ? ದಯವಿಟ್ಟು ಎರಡನ್ನೂ ಕಲಸಬೇಡಿ. ಯಾರಾದರೂ ಬಂದು ಕಲಸೇ ಕಲಸುತ್ತೀರಿ ಅಂತ ಗೊತ್ತು, ಆದರೂ ಹೇಳಿದೆ.

ಗುಂಡುಸೂಜಿ:
ಒತ್ತಿ ಗುರು. ಇಡೀ ಜಗತ್ತೇ ಒತ್ತುತ್ತಿದೆ.

ನೇರನುಡಿ:
ಕಳ್ಳತನ ಕಳ್ಳತನವೇ. ಇದರಲ್ಲಿ ಕೇಳುವುದೇನಿದೆ? ಸಿಗಲಿಲ್ಲ ಅಂದರೆ ನೋಡಬೇಡಿ. ಸಿನಿಮಾ ನೋಡದೆ ಯಾರೂ ಸತ್ತಿಲ್ಲ.

ಕಿಟಕಿಪಕ್ಕ:
ಕಲಸಿದ್ರಿ ನೋಡಿ. ಎರಡನೇ ಉತ್ತರದಲ್ಲೇ.

ಕರಿಕೋಟು:
ಕಾನೂನಿನ ಭಾಗ ನಾನು ಹೇಳುತ್ತೇನೆ. ಮೊದಲು ಮೂರು ಕೆಲಸಗಳನ್ನು ಬೇರೆ ಬೇರೆ ಮಾಡಿಕೊಳ್ಳಿ: ನೋಡುವುದು, ಇಳಿಸಿಕೊಳ್ಳುವುದು, ಹಂಚುವುದು. ಎಲ್ಲಾ ದೇಶದಲ್ಲೂ ಹಂಚುವವನ ಮೇಲೆ ಕಾನೂನಿಗೆ ಕಣ್ಣು ಜಾಸ್ತಿ. ನೋಡುವವನ ವಿಷಯದಲ್ಲೇ ದೇಶದಿಂದ ದೇಶಕ್ಕೆ ಮಾತು ಬದಲಾಗುವುದು.

ಭಾರತದ ಲೆಕ್ಕ ಹೇಳುವುದಾದರೆ 1957ರ ಕಾಪಿರೈಟ್ ಕಾಯ್ದೆ. ಅದರ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಮಾಡಿಲ್ಲ ಅಂತಾದರೆ ಕೋರ್ಟು ಕಾರಣ ಬರೆದು ಶಿಕ್ಷೆ ಇಳಿಸಬಹುದು. ಇದು ಪೊಲೀಸರು ನೇರವಾಗಿ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇದನ್ನು ಹೆದರಿಸುವುದಕ್ಕೆ ಹೇಳುತ್ತಿಲ್ಲ. ಮನೆಯಲ್ಲಿ ಕೂತು ಒಂದು ಸಿನಿಮಾ ಇಳಿಸಿದವನ ಬಾಗಿಲಿಗೆ ಪೊಲೀಸರು ಬರುವುದು ಅಪರೂಪ. ಆದರೆ "ಅಪರಾಧವೇ ಅಲ್ಲ" ಅನ್ನುವುದು ಸುಳ್ಳು.

ಮೂಲೆಸೀಟು:
ಹಾಗಾದರೆ ಬ್ಲಾಕ್ ಆದ ಸೈಟಿನಲ್ಲಿ ಬರುತ್ತಿತ್ತಲ್ಲ ಒಂದು ಸಂದೇಶ, "ಈ ಪುಟ ನೋಡಿದರೇ ಜೈಲು" ಅಂತ? ಅದನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ ಬೆವರು ಒರೆಸಿಕೊಂಡಿದ್ದೆ.

ಕರಿಕೋಟು:
ಅದು 2016ರ ಕಥೆ. ನೋಡುವುದೂ ಅಪರಾಧ ಅಂತ ಆ ಸಂದೇಶದಲ್ಲಿ ಬರೆದಿದ್ದರು. ಬಾಂಬೆ ಹೈಕೋರ್ಟ್ ಅದೇ ವರ್ಷ ಅದನ್ನು ತಪ್ಪು ಅಂತ ಹೇಳಿ ಬದಲಾಯಿಸಲು ಹೇಳಿತು. ಸುಮ್ನೆ ನೋಡುವುದು ಅಪರಾಧವಲ್ಲ, ಅನುಮತಿ ಇಲ್ಲದೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ ಅಂತ ಅದರ ಸಾರ.

ಗುಂಡುಸೂಜಿ:
ಅಲ್ಲಿಗೆ ನಾನು ಹೇಳಿದ್ದೇ ಸರಿ ಆಯಿತು. ಒತ್ತಿ.

ಜಾಲಗಾರ:
ಗುಂಡುಸೂಜಿ ಅವರೇ, ಅಷ್ಟು ಬೇಗ ಕುಣಿಯಬೇಡಿ. ಅವರ ಗೆಳೆಯ ಕಳಿಸಿರುವುದು ಟೊರೆಂಟ್ ಲಿಂಕ್. ಟೊರೆಂಟ್‌ನಲ್ಲಿ ಬರೀ ಇಳಿಸಿಕೊಳ್ಳುವುದು ಅಂತ ಇಲ್ಲವೇ ಇಲ್ಲ.

ಇದು ಕೆಲಸ ಮಾಡುವ ರೀತಿ ನೋಡಿ. ಸಿನಿಮಾ ಫೈಲನ್ನು ಸಣ್ಣ ಸಣ್ಣ ತುಣುಕು ಮಾಡಿರುತ್ತಾರೆ. ನಿಮಗೆ ಒಂದು ತುಣುಕು ಬಂದ ತಕ್ಷಣ ನಿಮ್ಮ ಸಾಫ್ಟ್‌ವೇರ್ ಅದನ್ನು ಇನ್ನೊಬ್ಬರಿಗೆ ಕಳಿಸುವುದಕ್ಕೆ ಶುರು ಮಾಡುತ್ತದೆ. ನಿಮ್ಮ ಪರದೆಯಲ್ಲಿ "ಪಿಯರ್ಸ್" ಅಂತ ಒಂದು ಪಟ್ಟಿ ಕಾಣುತ್ತದಲ್ಲ, ಅದರಲ್ಲಿ ಎಲ್ಲರ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಸಾಲಾಗಿ ಇರುತ್ತದೆ. ಯಾರ ಬಳಿ ಎಷ್ಟು ಶೇಕಡಾ ಇದೆ, ಯಾರು ಎಷ್ಟು ಕಳಿಸುತ್ತಿದ್ದಾರೆ, ಎಲ್ಲಾ ಬಟಾಬಯಲು. ನಿಮಗೆ ಬೇರೆಯವರ ವಿಳಾಸ ಕಂಡಂತೆ ಬೇರೆಯವರಿಗೆ ನಿಮ್ಮದು ಕಾಣುತ್ತದೆ. ಆ ಪಟ್ಟಿಯಲ್ಲಿ ಹಕ್ಕುದಾರರ ಕಡೆಯವರೂ ಕೂತಿರಬಹುದು. ಅಂದರೆ ಕರಿಕೋಟು ಅವರ ಪಟ್ಟಿಯಲ್ಲಿ ನೀವು "ನೋಡುವವರು" ಅಲ್ಲ, "ಹಂಚುವವರು". ಅಪ್‌ಲೋಡ್ ವೇಗ ಕಡಿಮೆ ಇಟ್ಟರೂ ಅಷ್ಟೇ.

ಮೂಲೆಸೀಟು:
ಇನ್‌ಕಾಗ್ನಿಟೋ ಹಾಕಿಕೊಂಡರೆ?

ಜಾಲಗಾರ:
ಇನ್‌ಕಾಗ್ನಿಟೋ ನಿಮ್ಮ ಮನೆಯವರಿಂದ ಮುಚ್ಚಿಡುತ್ತದೆ, ಅಷ್ಟೇ. ನೆಟ್‌ವರ್ಕಿಗೆ ನೀವು ನೀವೇ.

ಮೂಲೆಸೀಟು:
24 ಗಂಟೆಯೊಳಗೆ ಡಿಲೀಟ್ ಮಾಡಿದರೆ ತೊಂದರೆ ಇಲ್ಲ ಅಂತ ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಿದ್ದರು.

ಕರಿಕೋಟು:
ಅದು ಯಾವ ಕಾನೂನಿನಲ್ಲೂ ಇಲ್ಲ. "ಕಾಪಿರೈಟ್ ಉಲ್ಲಂಘಿಸುವ ಉದ್ದೇಶವಿಲ್ಲ" ಅಂತ ವಿಡಿಯೋ ಕೆಳಗೆ ಬರೆಯುತ್ತಾರಲ್ಲ, ಅದೂ ಇದೇ ಜಾತಿಗೆ ಸೇರಿದ್ದು.

ದೂರದವನು:
ಜರ್ಮನಿಯಲ್ಲಿ ಇರುವವರು ಇದನ್ನು ಓದಿ ನಗುವುದಿಲ್ಲ. ನಾನು ಮೂವರ ಜೊತೆ ಮನೆ ಹಂಚಿಕೊಂಡಿದ್ದಾಗ ವೈಫೈ ನನ್ನ ಹೆಸರಿನಲ್ಲಿತ್ತು. ಒಂದು ದಿನ ವಕೀಲರ ಕಚೇರಿಯಿಂದ ದಪ್ಪ ಲಕೋಟೆ. ಒಳಗೆ ಸಿನಿಮಾದ ಹೆಸರು, ತಾರೀಕು, ಗಂಟೆ, ನಿಮಿಷ, ಸೆಕೆಂಡು, ನಮ್ಮ ಐಪಿ ವಿಳಾಸ. ಕೊನೆಯ ಹಾಳೆಯಲ್ಲಿ ಸಹಿ ಹಾಕಬೇಕಾದ ಒಂದು ಮುಚ್ಚಳಿಕೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ. ಜೊತೆಗೆ ನೂರಾರು ಯೂರೋ ಬೇಡಿಕೆ. ಅಲ್ಲಿ ಇದಕ್ಕೆ ಅಬ್‌ಮಾನುಂಗ್ ಅನ್ನುತ್ತಾರೆ, ಇದೊಂದು ಮಾಮೂಲು ವ್ಯವಹಾರ.

ಇಳಿಸಿದ್ದು ನಾನಲ್ಲ, ಜೊತೆಗಿದ್ದ ಹುಡುಗ. ಅವನು ಎರಡು ದಿನ ನನ್ನ ಮುಖ ನೋಡಲಿಲ್ಲ. ಕೊನೆಗೆ ಬಾಡಿಗೆದಾರರ ಸಂಘದ ವಕೀಲರು ಆ ಮುಚ್ಚಳಿಕೆಗೆ ಹಾಗೇ ಸಹಿ ಹಾಕಬೇಡಿ, ಅದು ವರ್ಷಾನುಗಟ್ಟಲೆ ಕಟ್ಟಿಹಾಕುತ್ತದೆ ಅಂತ ಹೇಳಿ, ತಿದ್ದಿದ ಪ್ರತಿ ಕೊಟ್ಟರು. ಹಣದ ವಿಷಯ ಚೌಕಾಸಿಯಲ್ಲಿ ಮುಗಿಯಿತು.

ಗುಂಡುಸೂಜಿ:
ಅಯ್ಯೋ, ಹಾಗಾದರೆ ಸ್ವಿಟ್ಜರ್ಲೆಂಡಿಗೆ ಹೋಗೋಣ. ಅಲ್ಲಿ ಇದು ಕಾನೂನುಬದ್ಧ ಅಂತೆ.

ಕರಿಕೋಟು:
ಅರ್ಧ ಸರಿ. ಸ್ವಿಟ್ಜರ್ಲೆಂಡಿನಲ್ಲಿ ಸ್ವಂತ ಬಳಕೆಗೆ ಸಿನಿಮಾ ಇಳಿಸಿಕೊಳ್ಳಬಹುದು, ಮೂಲ ಕಳ್ಳತನದ್ದಾದರೂ. 2020ರಲ್ಲಿ ಕಾನೂನು ತಿದ್ದಿದಾಗಲೂ ಅದನ್ನು ಹಾಗೇ ಉಳಿಸಿಕೊಂಡರು. ಆದರೆ ಅಪ್‌ಲೋಡ್ ಅಲ್ಲೂ ಅಕ್ರಮ, ಅಂದರೆ ಜಾಲಗಾರ ಹೇಳಿದ ಟೊರೆಂಟ್ ಸಮಸ್ಯೆ ಅಲ್ಲೂ ಇದೆ.

ನೆದರ್‌ಲೆಂಡ್ಸ್‌ನಲ್ಲೂ ಇಂಥದ್ದೇ ಸಡಿಲ ಇತ್ತು. 2014ರಲ್ಲಿ ಐರೋಪ್ಯ ನ್ಯಾಯಾಲಯ ಅದಕ್ಕೆ ಬೀಗ ಹಾಕಿತು. ಖಾಸಗಿ ಪ್ರತಿಯ ವಿನಾಯಿತಿ ಕಾನೂನುಬದ್ಧ ಮೂಲಕ್ಕೆ ಮಾತ್ರ ಅಂತ. 2017ರ ಇನ್ನೊಂದು ತೀರ್ಪಿನಲ್ಲಿ, ಅಕ್ರಮ ಅಂತ ಗೊತ್ತಿದ್ದೂ ಸ್ಟ್ರೀಮ್ ಮಾಡಿ ನೋಡಿದರೂ ವಿನಾಯಿತಿ ಇಲ್ಲ ಅಂದಿತು. ನೋಡಿ, ಒಂದೇ ಬೆರಳು, ಒಂದೇ ಕ್ಲಿಕ್ಕು, ಗಡಿ ದಾಟಿದರೆ ಬೇರೆ ಉತ್ತರ.

ಓದುಗೂಸು:
ಭಾರತದ ಕಾಯ್ದೆಯಲ್ಲೂ ಸ್ವಂತ ಬಳಕೆಗೆ ವಿನಾಯಿತಿ ಇದೆಯಲ್ಲ ಸರ್? 52ನೇ ಸೆಕ್ಷನ್. 2012ರ ತಿದ್ದುಪಡಿ ಆದಮೇಲೆ ಸಿನಿಮಾಕ್ಕೂ ಅನ್ವಯಿಸುತ್ತದೆ ಅಂತ ಓದಿದ್ದೆ.

ಕರಿಕೋಟು:
ಇದೆ. ಆದರೆ ಅಲ್ಲಿ ಇರುವುದು "ನ್ಯಾಯಯುತ ಬಳಕೆ" ಎಂಬ ಮಾತು. ದುಡ್ಡು ಕೊಟ್ಟು ಕೊಂಡ ಡಿವಿಡಿಯಿಂದ ನಿಮಗಾಗಿ ಒಂದು ಪ್ರತಿ ಇಟ್ಟುಕೊಂಡರೆ ಆ ವಾದಕ್ಕೆ ಬಲ ಇದೆ. ಕಳ್ಳ ಸೈಟಿನಿಂದ ಇಡೀ ಸಿನಿಮಾ ಇಳಿಸಿ "ನ್ಯಾಯಯುತ" ಅನ್ನುವುದು ಕಷ್ಟ. ನನ್ನ ಕಕ್ಷಿದಾರ ಕೇಳಿದರೆ ಅದನ್ನು ನೆಚ್ಚಿಕೊಳ್ಳಬೇಡಿ ಅಂತಲೇ ಹೇಳುತ್ತೇನೆ.

ಎದುರುವಾದಿ:
ನೇರನುಡಿ ಅವರ "ಕಳ್ಳತನ" ಮಾತಿಗೆ ವಾಪಸ್ ಬರೋಣ. ನಾನು ಪೈರಸಿ ಸರಿ ಅನ್ನುತ್ತಿಲ್ಲ. ಆದರೆ ಅಮೆರಿಕದ ಸುಪ್ರೀಂ ಕೋರ್ಟ್ 1985ರಲ್ಲೇ, ಕಳವು ಮಾಲು ಸಾಗಿಸುವ ಕಾನೂನನ್ನು ಕಾಪಿರೈಟ್ ಉಲ್ಲಂಘನೆಗೆ ಹಚ್ಚಲಾಗದು ಅಂತ ತೀರ್ಪು ಕೊಟ್ಟಿದೆ. ನಿಮ್ಮ ಸೈಕಲ್ ಕದ್ದರೆ ನಿಮಗೆ ಸೈಕಲ್ ಇರುವುದಿಲ್ಲ. ಪ್ರತಿ ಮಾಡಿದರೆ ನಿರ್ಮಾಪಕರ ಸಿನಿಮಾ ನಿರ್ಮಾಪಕರ ಹತ್ತಿರವೇ ಇರುತ್ತದೆ. ಅವರಿಗೆ ಹೋಗುವುದು ಬರಬಹುದಾಗಿದ್ದ ದುಡ್ಡು. ಕಿಟಕಿಪಕ್ಕ ಅವರ ವಿಷಯದಲ್ಲಿ ಆ ದುಡ್ಡು ಬರುವುದಕ್ಕೆ ದಾರಿಯೇ ಇಲ್ಲ, ಯಾಕೆಂದರೆ ಯಾರೂ ಮಾರುತ್ತಿಲ್ಲ.

ನೇರನುಡಿ:
ಇದೇ ಜಾಣತನ. ಮಾರದೇ ಇರುವುದೂ ಮಾಲೀಕನ ಹಕ್ಕು. ನಾನು ಬರೆದ ಡೈರಿಯನ್ನು ನಾನು ಮಾರುವುದಿಲ್ಲ. ಹಾಗಂತ ನೀವು ಫೋಟೋ ತೆಗೆದುಕೊಂಡು ಹೋಗಬಹುದಾ?

ಎದುರುವಾದಿ:
ಡೈರಿ ಯಾರಿಗೂ ತೋರಿಸಲೆಂದು ಬರೆದದ್ದಲ್ಲ. ಸಿನಿಮಾ ಒಮ್ಮೆ ಊರಿಗೆಲ್ಲಾ ತೋರಿಸಿ ದುಡ್ಡು ಮಾಡಿದ್ದು. ಎರಡೂ ಒಂದೇನಾ?

ನೇರನುಡಿ:
ಒಂದೇ. ಇಬ್ಬರಲ್ಲೂ ಇಲ್ಲ ಅನ್ನುವ ಅಧಿಕಾರ ಇದೆ.

ಅಡಿಬರಹ:
ನಾನು ಸಬ್‌ಟೈಟಲ್ ಮಾಡುವ ಕೆಲಸದವಳು. ಕೆಲವು ವಿಷಯ ಹೇಳಲೇಬೇಕು.

ನಮ್ಮ ಕೈಗೆ ಬರುವ ವಿಡಿಯೋ ಹೇಗಿರುತ್ತದೆ ಗೊತ್ತಾ? ಪರದೆಯ ನಡುವೆ ಅಡ್ಡಡ್ಡ ನಮ್ಮ ಹೆಸರು, ಮೇಲೆ ಟೈಮ್‌ಕೋಡ್, ಕೆಲವೊಮ್ಮೆ ಚಿತ್ರ ಕಪ್ಪುಬಿಳುಪು. ನಾಯಕಿ ಅಳುತ್ತಿರುತ್ತಾಳೆ, ಅವಳ ಕೆನ್ನೆ ಮೇಲೆ ನನ್ನ ಇಮೇಲ್ ವಿಳಾಸ. ಸೋರಿದರೆ ಯಾರ ಕೈಯಿಂದ ಸೋರಿತು ಅಂತ ತಿಳಿಯಲಿ ಅಂತ. ಅಂಥದ್ದನ್ನು ನೋಡುತ್ತಾ ಒಂದೊಂದು ಸಾಲನ್ನೂ ಓದುಗರು ಓದಿ ಮುಗಿಸುವಷ್ಟು ಹೊತ್ತಿಗೆ ಕೂರಿಸುತ್ತೇವೆ. ಒಂದು ಬೈಗುಳಕ್ಕೆ ಸರಿಯಾದ ಮಾತು ಹುಡುಕುವುದಕ್ಕೆ ಅರ್ಧ ಮಧ್ಯಾಹ್ನ ಹೋಗುತ್ತದೆ. ಬಿಡುಗಡೆಯಾದ ಮರುದಿನ ಕಳ್ಳ ಪ್ರಿಂಟ್ ಬರುತ್ತದೆ. ಯಾರೋ ಒಬ್ಬರು ತೋರಿಸಿದರು, ನಮ್ಮ ಸಬ್‌ಟೈಟಲ್ ಮೇಲೇ ಬೆಟ್ಟಿಂಗ್ ಆ್ಯಪಿನ ಪಟ್ಟಿ ಓಡುತ್ತಿತ್ತು. ಪುಕ್ಕಟೆ ಅನ್ನುತ್ತೀರಲ್ಲ, ಆ ಪಟ್ಟಿಯ ದುಡ್ಡು ಯಾರಿಗೋ ಹೋಗುತ್ತಿದೆ. ಸಿನಿಮಾ ಮಾಡಿದವರಿಗಂತೂ ಅಲ್ಲ.

ಗುಂಡುಸೂಜಿ:
ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸಂಬಳ ಆಗಲೇ ಬಂದಿರುತ್ತದೆ ಅಲ್ವಾ? ಲೈಟ್ ಹಿಡಿದವರಿಗೂ ಬಂದಿರುತ್ತದೆ. ನಾನು ಇಳಿಸಿದರೆ ಕಳೆದುಕೊಳ್ಳುವುದು ದೊಡ್ಡ ಸ್ಟಾರು, ದೊಡ್ಡ ಕಂಪನಿ. ಅವರಿಗೆ ಅದು ಲೆಕ್ಕಕ್ಕೇ ಇಲ್ಲ.

ಅಡಿಬರಹ:
ಈ ಸಿನಿಮಾದ ಸಂಬಳ ಬಂದಿರುತ್ತದೆ, ನಿಜ. ಮುಂದಿನ ಸಿನಿಮಾ ಆಗುವುದು ಈ ಸಿನಿಮಾ ಮಾರಿದ ದುಡ್ಡಿನಲ್ಲಿ. ಸಣ್ಣ ನಿರ್ಮಾಪಕರು ಹೊರದೇಶದ ಹಕ್ಕು, ಟಿವಿ ಹಕ್ಕು, ಒಟಿಟಿ ಹಕ್ಕು ಅಂತ ತುಂಡು ತುಂಡಾಗಿ ಮಾರುತ್ತಾರೆ. ಕೊಳ್ಳುವವನು ಮೊದಲು ಮಾಡುವ ಕೆಲಸ ಏನು? ನೆಟ್‌ನಲ್ಲಿ ಒಳ್ಳೇ ಪ್ರಿಂಟ್ ಓಡಾಡುತ್ತಿದೆಯಾ ಅಂತ ನೋಡುವುದು. ಇದ್ದರೆ ಅಲ್ಲೇ ಬೆಲೆ ಇಳಿಸುತ್ತಾನೆ. ದೊಡ್ಡ ಸ್ಟಾರಿಗೆ ಮುಂಗಡ ಬಂದಿರುತ್ತದೆ. ಏಟು ಬೀಳುವುದು ಬಾಲದ ಕಡೆಗೆ. ಮುಂದಿನ ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದು ನಮ್ಮಂಥವರ ಸಾಲಿಗೆ.

ಅಂಕಿಸಂಖ್ಯೆ:
ಎರಡೂ ಕಡೆಯವರು ಊಹೆ ಮೇಲೆ ಜಗಳ ಆಡುತ್ತಿದ್ದೀರಿ. ಅಧ್ಯಯನಗಳಿವೆ.

ಐರೋಪ್ಯ ಆಯೋಗ ಇಕೋರಿಸ್ ಎಂಬ ಸಂಸ್ಥೆಯಿಂದ ಒಂದು ದೊಡ್ಡ ಅಧ್ಯಯನ ಮಾಡಿಸಿತು. 2015ರಲ್ಲಿ ಮುಗಿದದ್ದು ಹೊರಗೆ ಬಂದದ್ದು 2017ರಲ್ಲಿ, ಅದೂ ಒಬ್ಬ ಸಂಸದೆ ಮಾಹಿತಿ ಕೇಳಿ ಅರ್ಜಿ ಹಾಕಿದ ಮೇಲೆ. ಅದರ ಪ್ರಕಾರ ಸಂಗೀತ, ಪುಸ್ತಕ, ಆಟಗಳಲ್ಲಿ ಪೈರಸಿಯಿಂದ ಮಾರಾಟ ಬಿದ್ದಿದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಹೊಸದಾಗಿ ಬಂದ ದೊಡ್ಡ ಸಿನಿಮಾಗಳಲ್ಲಿ ಮಾತ್ರ ಸಿಕ್ಕಿತು. ಅಂಥ ಸಿನಿಮಾವನ್ನು 10 ಸಲ ಕದ್ದು ನೋಡಿದರೆ ಕಾನೂನುಬದ್ಧ ನೋಟ 4 ಕಡಿಮೆಯಾಗುತ್ತದೆ ಅಂತ.

ಇನ್ನೊಂದು, 2014ರ ಅಮೆರಿಕದ ಸಂಶೋಧನೆ. ಬಿಡುಗಡೆಗೆ ಮೊದಲೇ ಸೋರಿದ ಸಿನಿಮಾದ ಗಲ್ಲಾಪೆಟ್ಟಿಗೆ, ಬಿಡುಗಡೆ ಆದಮೇಲೆ ಸೋರಿದ್ದಕ್ಕೆ ಹೋಲಿಸಿದರೆ ಸರಾಸರಿ ಶೇ. 19ರಷ್ಟು ಕಡಿಮೆ ಆಗಿತ್ತು.

ಅಂದರೆ ಹತ್ತಕ್ಕೆ ಹತ್ತೂ ನಷ್ಟ ಅನ್ನುವ ಕಂಪನಿಗಳ ಲೆಕ್ಕವೂ ಸುಳ್ಳು, ಯಾರಿಗೂ ನಷ್ಟ ಇಲ್ಲ ಅನ್ನುವ ಗುಂಡುಸೂಜಿ ಲೆಕ್ಕವೂ ಸುಳ್ಳು. ಮೊದಲ ವಾರದ ಹೊಸ ಸಿನಿಮಾ ಇಳಿಸುವುದು ನೇರವಾಗಿ ಜೇಬಿಗೆ ಕೈ ಹಾಕಿದ ಹಾಗೆ. ಎಲ್ಲೂ ಸಿಗದ ಹಳೇ ಸಿನಿಮಾದ ಲೆಕ್ಕ ಬೇರೆ.

ಗುಂಡುಸೂಜಿ:
ನನ್ನ ಹೆಸರು ಯಾಕೆ ಎಳೀತೀರಿ ಎಲ್ಲರೂ?

ಮೂಲೆಸೀಟು:
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಚಿಲ್ಲರೆಪಲ್ಲರೆ:
ನನ್ನದೊಂದು ಮಾತು. ನಾನು ವಿದ್ಯಾರ್ಥಿ. ಒಂದು ಸಿನಿಮಾ ಒಂದು ಒಟಿಟಿಯಲ್ಲಿ, ಅದರ ಎರಡನೇ ಭಾಗ ಇನ್ನೊಂದರಲ್ಲಿ, ಮೂರನೆಯದು ಬಾಡಿಗೆಗೆ. ಎಲ್ಲಕ್ಕೂ ಚಂದಾ ಕಟ್ಟಿದರೆ ಪುಸ್ತಕಕ್ಕೆ ದುಡ್ಡಿಲ್ಲ. ನಮ್ಮನ್ನು ಕಳ್ಳರು ಅನ್ನುವುದು ಸುಲಭ. ಒಂದೇ ಕಡೆ ಎಲ್ಲಾ ಸಂಗೀತ ಸಿಗುವ ಹಾಗಾದ ಮೇಲೆ ಹಾಡು ಕದಿಯುವವರು ಎಷ್ಟು ಕಡಿಮೆಯಾದರು ನೋಡಿ. ಸಿನಿಮಾದವರು ಮಾತ್ರ ತುಂಡು ತುಂಡು ಮಾಡಿ ಬೇಲಿ ಹಾಕುತ್ತಾ ಹೋದರು.

ನೇರನುಡಿ:
ದುಡ್ಡಿಲ್ಲ ಅಂದರೆ ಒಂದು ತಿಂಗಳು ಒಂದಕ್ಕೆ ಕಟ್ಟಿ, ಮುಂದಿನ ತಿಂಗಳು ಇನ್ನೊಂದಕ್ಕೆ. ಎಲ್ಲಾ ಇವತ್ತೇ ನೋಡಬೇಕಾ?

ಚಿಲ್ಲರೆಪಲ್ಲರೆ:
ಅಷ್ಟರಲ್ಲಿ ಮೊದಲನೆಯದು ಮಾಯ ಆಗಿರುತ್ತದೆ ಸರ್. ಈ ಚರ್ಚೆ ಶುರುವಾದದ್ದೇ ಅದರಿಂದ.

ಜಾಲಗಾರ:
"ಕೊಳ್ಳಿ" ಗುಂಡಿ ಒತ್ತಿ ಕೊಂಡದ್ದೂ ಮಾಯ ಆಗುತ್ತದೆ, ಅದನ್ನು ಮರೆಯಬೇಡಿ. ನಾವು ಕೊಳ್ಳುವುದು ಸಿನಿಮಾ ಅಲ್ಲ, ಅವರು ಬೇಕಾದಾಗ ಹಿಂತೆಗೆಯಬಹುದಾದ ಪರವಾನಗಿ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನು ಬಂದಿದೆ. ಬರೀ ಪರವಾನಗಿ ಮಾರುವವರು ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳದೆ "ಕೊಳ್ಳಿ" ಅಂತ ಬರೆಯುವ ಹಾಗಿಲ್ಲ. ಇಳಿಸಿಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಮಾಲಿಗೆ ಅದು ಬೇಡ. ಸಿನಿಮಾ ಕಂಪನಿಗಳು ಗ್ರಾಹಕನನ್ನು ನಂಬಿಕೆಯಿಂದ ನಡೆಸಿಕೊಂಡಿದ್ದರೆ ಇಂಥ ಕಾನೂನು ಯಾಕೆ ಬೇಕಿತ್ತು?

ಓದುಗೂಸು:
ಬೇಕಿದ್ದರೆ ಡಿಸ್ಕ್ ಕೊಳ್ಳಿ. ಕಪಾಟಿನಲ್ಲಿ ಇದ್ದದ್ದನ್ನು ಯಾರೂ ರಾತ್ರೋರಾತ್ರಿ ಬಂದು ಎತ್ತಿಕೊಂಡು ಹೋಗುವುದಿಲ್ಲ.

ಮೂಲೆಸೀಟು:
ಡಿಸ್ಕ್ ಹಾಕುವ ತೂತು ಇರುವ ಲ್ಯಾಪ್‌ಟಾಪ್ ಎಲ್ಲಿದೆ ಮಾರಾಯ್ರೆ?

ಹಳೇರೀಲು:
ನಾನು ಹಳೆಯ ಚಿತ್ರಗಳ ಸಂಗ್ರಹದ ಕೆಲಸದಲ್ಲಿ ಇದ್ದವನು. "ಸಿಗಲಿಲ್ಲ ಅಂದರೆ ನೋಡಬೇಡಿ" ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಒಂದು ವರದಿ ಪ್ರಕಟಿಸಿತು. ಅಲ್ಲಿನ ಮೂಕಿ ಕಾಲದ ಸುಮಾರು 11 ಸಾವಿರ ಪೂರ್ಣಾವಧಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರ. ಭಾರತದ ಮೊದಲ ವಾಕ್ಚಿತ್ರ, 1931ರ ಆಲಂ ಆರಾ, ಇವತ್ತು ಒಂದು ಪ್ರತಿಯೂ ಇಲ್ಲ. ಇವೆಲ್ಲ ಹಾಳಾದದ್ದು ಹಕ್ಕುದಾರರ ಕೈಯಲ್ಲೇ. ಆಗಿನ ನೈಟ್ರೇಟ್ ಫಿಲ್ಮಿಗೆ ಬೇಗ ಬೆಂಕಿ ಹಿಡಿಯುತ್ತಿತ್ತು, ಇಟ್ಟಲ್ಲೇ ಕೊಳೆಯುತ್ತಿತ್ತು. ಇನ್ನು ಕೆಲವನ್ನು ಬೆಳ್ಳಿ ಅಂಶಕ್ಕಾಗಿ ಕರಗಿಸಿದರು. ದುಡ್ಡು ಬರುವುದು ನಿಂತ ಸಿನಿಮಾವನ್ನು ಯಾರು ಕಾಯುತ್ತಾರೆ?

1922ರ ಜರ್ಮನ್ ಚಿತ್ರ ನೊಸ್ಫೆರಾಟು ನೋಡಿ. ಡ್ರಾಕುಲಾ ಕಾದಂಬರಿಯಿಂದ ಅನುಮತಿ ಇಲ್ಲದೆ ಎತ್ತಿದ ಕಥೆ. ಲೇಖಕರ ಪತ್ನಿ ಕೇಸು ಹಾಕಿ ಗೆದ್ದರು. ಎಲ್ಲಾ ಪ್ರತಿ ನಾಶ ಮಾಡಿ ಅಂತ 1925ರಲ್ಲಿ ಆದೇಶ ಆಯಿತು. ಅಷ್ಟರಲ್ಲಿ ಪ್ರತಿಗಳು ಬೇರೆ ಬೇರೆ ದೇಶ ಸೇರಿದ್ದವು. ಆದೇಶ ಪಾಲಿಸದವರಿಂದ ಅದು ಉಳಿಯಿತು. ಇವತ್ತು ಸಿನಿಮಾ ಕಲೆಯ ಪಾಠಗಳಲ್ಲಿ ಅದನ್ನು ತೋರಿಸುತ್ತಾರೆ.

ನೇರನುಡಿ:
ಹಾಗಾದರೆ ಕಳ್ಳರಿಗೆ ಸನ್ಮಾನ ಮಾಡೋಣ. ಹಳೇರೀಲು ಅವರೇ, ನೀವು ಹೇಳಿದ ಚಿತ್ರವೇ ಒಬ್ಬ ವಿಧವೆಯ ಹಕ್ಕು ಕಸಿದು ಮಾಡಿದ್ದು. ಅದನ್ನು ಮರೆತು ಚಪ್ಪಾಳೆ ತಟ್ಟುತ್ತಿದ್ದೀರಿ.

ಹಳೇರೀಲು:
ಮರೆತಿಲ್ಲ. ಆಕೆಗೆ ದುಡ್ಡು ಸಲ್ಲಬೇಕಿತ್ತು. ಪ್ರತಿಗಳನ್ನು ಸುಡುವುದರಿಂದ ಆಕೆಗೆ ಏನು ಸಿಗುತ್ತಿತ್ತು? ಎರಡೂ ಬೇರೆ ಅಲ್ವಾ?

ಅಡಿಬರಹ:
ಹಳೇರೀಲು ಸರ್ ಮಾತಿಗೆ ಗೌರವ ಇದೆ. ಆದರೆ ಸಂಗ್ರಹಾಲಯದ ಹೆಸರು ಹೇಳಿಕೊಂಡು ನಿನ್ನೆಯ ಸಿನಿಮಾ ಇಳಿಸುವವರೇ ಜಾಸ್ತಿ. ಫೋನಿನಲ್ಲಿ ಹಿಂಡಿ ಹಿಪ್ಪೆ ಮಾಡಿದ ಫೈಲ್ ಇಟ್ಟುಕೊಂಡು, ಮೆಮೊರಿ ತುಂಬಿದಾಗ ಅಳಿಸುವವರು ಯಾವ ಪರಂಪರೆ ಉಳಿಸುತ್ತಿದ್ದಾರೆ?

ಹಳೇರೀಲು:
ಅದು ಒಪ್ಪುವ ಮಾತು.

ಕರಿಕೋಟು:
ಕಾಲ ಮೀರಿದ ಸಿನಿಮಾಗಳ ಬಗ್ಗೆಯೂ ಒಂದು ಮಾತು. ಹಕ್ಕು ಶಾಶ್ವತ ಅಲ್ಲ. ಭಾರತದಲ್ಲಿ ಸಿನಿಮಾ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಅಮೆರಿಕದಲ್ಲಿ ಹಳೆಯ ಚಿತ್ರಗಳಿಗೆ 95 ವರ್ಷ. ಅವಧಿ ಮುಗಿದದ್ದನ್ನು ಧೈರ್ಯವಾಗಿ ಇಳಿಸಿ. ಕೆಲವು ಎಡವಟ್ಟಿನಿಂದಲೂ ಮುಕ್ತವಾಗಿವೆ. 1968ರ ನೈಟ್ ಆಫ್ ದಿ ಲಿವಿಂಗ್ ಡೆಡ್ ಚಿತ್ರದ ಹೆಸರು ಬದಲಾಯಿಸುವಾಗ ವಿತರಕರು ಹೊಸ ಶೀರ್ಷಿಕೆ ಪಟ್ಟಿಯಲ್ಲಿ ಕಾಪಿರೈಟ್ ಸೂಚನೆ ಹಾಕುವುದನ್ನು ಬಿಟ್ಟುಬಿಟ್ಟರು. ಆಗಿನ ಅಮೆರಿಕದ ನಿಯಮದಲ್ಲಿ ಸೂಚನೆ ಇಲ್ಲ ಅಂದರೆ ಹಕ್ಕೂ ಇಲ್ಲ. ಅಲ್ಲಿಂದ ಅದು ಎಲ್ಲರ ಸೊತ್ತು.

ಮೂಲೆಸೀಟು:
ಒಂದು ಸಾಲು ಮರೆತದ್ದಕ್ಕೆ ಇಡೀ ಸಿನಿಮಾ ಹೋಯ್ತಾ! ಆ ವಿತರಕರ ಆಫೀಸಿನಲ್ಲಿ ಮರುದಿನ ಏನಾಗಿರಬೇಕು.

ಓದುಗೂಸು:
ಥಿಯೇಟರಿನಲ್ಲಿ ಕ್ಯಾಮೆರಾ ಇಟ್ಟು ಚಿತ್ರೀಕರಿಸುವವರಿಗೆ ಏನು ಶಿಕ್ಷೆ? ಆ ಪ್ರಿಂಟ್‌ಗಳಲ್ಲಿ ಮುಂದಿನ ಸೀಟಿನವನ ತಲೆ, ಯಾರದ್ದೋ ಕೆಮ್ಮು ಎಲ್ಲಾ ಬರುತ್ತದಲ್ಲ.

ಕರಿಕೋಟು:
ಭಾರತದಲ್ಲಿ 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಬಂತು. 3 ತಿಂಗಳಿಂದ 3 ವರ್ಷ ಜೈಲು. ದಂಡ 3 ಲಕ್ಷದಿಂದ ಶುರುವಾಗಿ, ಲೆಕ್ಕಪರಿಶೋಧನೆಯಾದ ಒಟ್ಟು ನಿರ್ಮಾಣ ವೆಚ್ಚದ ಶೇ. 5ರವರೆಗೆ. ದೊಡ್ಡ ಬಜೆಟ್ಟಿನ ಸಿನಿಮಾ ಆದರೆ ಆ ಶೇ. 5 ಎಷ್ಟಾಗುತ್ತದೆ ಲೆಕ್ಕ ಹಾಕಿ.

ಜಾಲಗಾರ:
ಸಿಕ್ಕಿಬೀಳುವುದು ಹೇಗೆ ಅಂತಲೂ ತಿಳಿದುಕೊಳ್ಳಿ. ಡಿಜಿಟಲ್ ಪ್ರೊಜೆಕ್ಟರ್ ವ್ಯವಸ್ಥೆಯಲ್ಲಿ ಚಿತ್ರಕ್ಕೂ ಧ್ವನಿಗೂ ಕಣ್ಣಿಗೆ ಕಾಣದ ಗುರುತು ಸೇರುತ್ತದೆ. ಯಾವ ಪರದೆ, ಯಾವ ಹೊತ್ತು ಅನ್ನುವ ಮಾಹಿತಿ ಐದೈದು ನಿಮಿಷದ ತುಣುಕಿನಲ್ಲೂ ಇರಬೇಕು ಅಂತ ಹಾಲಿವುಡ್ ಸ್ಟುಡಿಯೋಗಳ ಮಾನದಂಡ. ಕಳ್ಳ ಪ್ರಿಂಟ್ ಸಿಕ್ಕಿದರೆ ಅದನ್ನು ಓದಿ ಯಾವ ಪ್ರದರ್ಶನ ಅಂತ ಹೇಳುತ್ತಾರೆ.

ಇನ್ನು ಇಳಿಸುವವರ ತಾಪತ್ರಯ ಬೇರೆ. ಸಂಬಂಧಿಕರ ಹುಡುಗನ ಕಂಪ್ಯೂಟರ್ ರಿಪೇರಿಗೆ ಬಂದಿತ್ತು. ಸಿನಿಮಾ ಹೆಸರಿನ ಫೈಲು, ಹಿಂದೆ "ಡಾಟ್ ಎಂಪಿ4", ಅದರ ಹಿಂದೆ "ಡಾಟ್ ಇಎಕ್ಸ್‌ಇ", ಅಂದರೆ ಅದು ಸಿನಿಮಾ ಅಲ್ಲ, ಒಂದು ಪ್ರೋಗ್ರಾಂ. ವಿಂಡೋಸ್ ಕೊನೆಯದನ್ನು ಮುಚ್ಚಿಟ್ಟಿತ್ತು. ಅವನಿಗೆ ಕಂಡದ್ದು ಎಂಪಿ4 ಮಾತ್ರ. ಒತ್ತಿದ. ಸಿನಿಮಾ ಬರಲಿಲ್ಲ, ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳೆಲ್ಲ ಹೋದವು.

ನಿರ್ವಾಹಕರು:
ಇಲ್ಲಿ ಇಬ್ಬರು ಸೈಟುಗಳ ಹೆಸರು, ಒಬ್ಬರು ನೇರ ಲಿಂಕ್ ಹಾಕಿದ್ದರು. ಅಳಿಸಿದ್ದೇವೆ. ಚರ್ಚೆ ಮಾಡಿ, ದಾರಿ ತೋರಿಸಬೇಡಿ.

ಚಿಲ್ಲರೆಪಲ್ಲರೆ:
ಐಪಿ ವಿಳಾಸ ಸಿಕ್ಕಿದರೆ ಸಾಕಾ ಸರ್, ಕೇಸು ಗಟ್ಟಿಯಾಗುತ್ತದಾ? ಹಾಸ್ಟೆಲಿನಲ್ಲಿ ಒಂದೇ ವೈಫೈ, ನೂರು ಜನ.

ಕರಿಕೋಟು:
ಸಾಲದು ಅಂತ ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೇಳಿದೆ. ಬರೀ ಇಂಟರ್ನೆಟ್ ಸಂಪರ್ಕ ಇವರ ಹೆಸರಿನಲ್ಲಿದೆ ಅನ್ನುವುದರಿಂದಲೇ ಇವರೇ ಇಳಿಸಿದರು ಅಂತಾಗುವುದಿಲ್ಲ. ಆದರೆ ಬೇರೆ ಪುರಾವೆ ಸಿಕ್ಕರೆ ಅಲ್ಲಿ ಬೆಲೆ ಘೋರ. ಬೇಕೆಂದೇ ಮಾಡಿದ್ದು ಅಂತಾದರೆ ಒಂದು ಕೃತಿಗೆ ಒಂದೂವರೆ ಲಕ್ಷ ಡಾಲರ್‌ವರೆಗೆ ಪರಿಹಾರ ವಿಧಿಸಬಹುದು. 24 ಹಾಡು ಹಂಚಿದ ಒಬ್ಬ ಮಹಿಳೆಗೆ ಕೊನೆಗೆ ಬಿದ್ದದ್ದು 2,22,000 ಡಾಲರ್.

ಗುಂಡುಸೂಜಿ:
24 ಹಾಡಿಗೆ?! ಇದಕ್ಕಿಂತ ಆ ಹಾಡಿನವರನ್ನೇ ಮನೆಗೆ ಕರೆಸಿ ಹಾಡಿಸಬಹುದಿತ್ತಲ್ಲ.

ಎದುರುವಾದಿ:
ನೋಡಿ, ಇದೇ ನನ್ನ ತಕರಾರು. ತಪ್ಪಿಗೂ ಶಿಕ್ಷೆಗೂ ತಾಳೆ ಇಲ್ಲ ಅಂದರೆ ಜನ ಕಾನೂನಿಗೆ ಹೆದರುತ್ತಾರೆ, ಗೌರವಿಸುವುದಿಲ್ಲ. ಸಿಕ್ಕಿಬೀಳದಿದ್ದರೆ ಆಯಿತು ಅನ್ನುವ ಮನಸ್ಸು ಬರುವುದೇ ಹೀಗೆ.

ಹಳೇರೀಲು:
ಕಿಟಕಿಪಕ್ಕ ಅವರೇ, ನಿಮಗೊಂದು ಉಪಯೋಗದ ಮಾತು. ಸಿನಿಮಾದ ಕೊನೆಯ ಹೆಸರುಗಳ ಪಟ್ಟಿಯಲ್ಲಿ ವರ್ಷದ ಪಕ್ಕ ಒಂದು ಸಂಸ್ಥೆಯ ಹೆಸರು ಇರುತ್ತದೆ. ಆಗ ಹಕ್ಕು ಅವರದಾಗಿತ್ತು. ಆಮೇಲೆ ಕೈ ಬದಲಾಗಿರಬಹುದು, ಆದರೂ ಹುಡುಕುವುದಕ್ಕೆ ಅದೇ ಮೊದಲ ಎಳೆ. ಅವರಿಗೊಂದು ಮೇಲ್ ಹಾಕಿ. ಚಿತ್ರೋತ್ಸವದಲ್ಲಿ ತೋರಿಸಿದ್ದರೆ ಆ ಉತ್ಸವದ ಕ್ಯಾಟಲಾಗಿನಲ್ಲೂ ಸಂಪರ್ಕ ಸಿಗುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಹಳೇ ಡಿಸ್ಕ್ ಇರುವುದೂ ಉಂಟು.

ಅಡಿಬರಹ:
ಸಣ್ಣ ಸಿನಿಮಾ ಆದರೆ ನಿರ್ದೇಶಕರಿಗೇ ಬರೆಯಿರಿ. ನೋಡಬೇಕು ಅಂತ ಒಬ್ಬರು ಹುಡುಕಿಕೊಂಡು ಬಂದರೆ ಎಷ್ಟೋ ಜನ ಖುಷಿಯಾಗಿ ಖಾಸಗಿ ಲಿಂಕ್ ಕಳಿಸಿದ್ದನ್ನು ನೋಡಿದ್ದೇನೆ. ಹಕ್ಕು ಅವರ ಬಳಿ ಇಲ್ಲದಿದ್ದರೂ ಯಾರ ಬಳಿ ಇದೆ ಅಂತಾದರೂ ಹೇಳುತ್ತಾರೆ.

ಎದುರುವಾದಿ:
ಯಾರೂ ಉತ್ತರ ಕೊಡಲಿಲ್ಲ ಅಂದರೆ? ಕಂಪನಿ ಮುಚ್ಚಿದ್ದರೆ? ಆಗ ನನ್ನ ಉತ್ತರ ಸ್ಪಷ್ಟ: ಅಪರಾಧ ಹೌದು, ತಪ್ಪು ಅಲ್ಲ. ಯಾರ ತಟ್ಟೆಯಿಂದಲೂ ಏನೂ ತೆಗೆಯುತ್ತಿಲ್ಲ.

ನೇರನುಡಿ:
ನನ್ನ ಉತ್ತರವೂ ಸ್ಪಷ್ಟ: ಎರಡೂ ಹೌದು. ಈ ಒಂದು ಸಿನಿಮಾಕ್ಕೆ ಬಾಗಿಲು ತೆರೆದ ಆ ಸೈಟು ಬದುಕಿರುವುದು ಮೊನ್ನೆಯ ಸಿನಿಮಾ ಕದ್ದು. ನೀವು ಹೋದರೆ ಅದಕ್ಕೂ ಒಂದು ಗಿರಾಕಿ ಹೆಚ್ಚಾಯಿತು.

ಅಂಕಿಸಂಖ್ಯೆ:
ನೇರನುಡಿ ಅವರು ಈ ಚರ್ಚೆಯಲ್ಲಿ ಹೇಳಿದ ಅತ್ಯಂತ ಗಟ್ಟಿ ವಾದ ಇದು. ಮೊದಲೇ ಹೇಳಬಾರದಿತ್ತಾ?

ಓದುಗೂಸು:
ಸ್ವಲ್ಪ ಬೇರೆ ಪ್ರಶ್ನೆ. ಸಿನಿಮಾ ಡಿಸ್ಕ್ ನನ್ನ ಹತ್ತಿರವೇ ಇದೆ, ದುಡ್ಡು ಕೊಟ್ಟು ಕೊಂಡದ್ದು. ಭಾಷೆ ಬರುವುದಿಲ್ಲ, ಸಬ್‌ಟೈಟಲ್ ಇಲ್ಲ. ಅಭಿಮಾನಿಗಳು ಮಾಡಿದ ಸಬ್‌ಟೈಟಲ್ ಫೈಲ್ ಒಂದನ್ನೇ ಇಳಿಸಿಕೊಂಡರೆ? ಅದರಲ್ಲಿ ಚಿತ್ರವೂ ಇಲ್ಲ, ಧ್ವನಿಯೂ ಇಲ್ಲ. ಬರೀ ಅಕ್ಷರ.

ಕರಿಕೋಟು:
ಸಂಭಾಷಣೆ ಚಿತ್ರಕಥೆಯ ಭಾಗ, ಅದನ್ನು ಅನುವಾದ ಮಾಡುವ ಹಕ್ಕು ಚಿತ್ರಕಥೆಯ ಹಕ್ಕುದಾರರದು. ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯ 2017ರಲ್ಲಿ ಅನುಮತಿ ಇಲ್ಲದೆ ಸಬ್‌ಟೈಟಲ್ ಮಾಡಿ ಹಂಚುವುದು ಉಲ್ಲಂಘನೆ ಅಂತಲೇ ತೀರ್ಪು ಕೊಟ್ಟಿದೆ. ಆ ಕೇಸು ಇದ್ದದ್ದು ಸಬ್‌ಟೈಟಲ್ ಮಾಡಿ ಹಂಚುವವರ ಬಗ್ಗೆ, ಇಳಿಸಿಕೊಂಡು ಓದುವವರ ಬಗ್ಗೆ ಅಲ್ಲ.

ಗುಂಡುಸೂಜಿ:
ಅಡಿಬರಹ ಮೇಡಂ, ನಿಮ್ಮ ಹೊಟ್ಟೆ ಮೇಲೆ ಹೊಡೆಯುವವರು ಇವರೇ ಅಲ್ವಾ? ಇವರಿಗೆ ಏನಂತೀರಿ?

ಅಡಿಬರಹ:
ಏನನ್ನಲಿ. ನಾನು ಈ ಕೆಲಸ ಕಲಿತದ್ದೇ ಅಂಥ ಗುಂಪಿನಲ್ಲಿ, ಪುಕ್ಕಟೆ ಮಾಡುತ್ತಾ. ಅವರಲ್ಲಿ ಕೆಲವರು ನನಗಿಂತ ಚೆನ್ನಾಗಿ ಮಾಡುತ್ತಾರೆ, ಅದೇ ಹೊಟ್ಟೆ ಉರಿ. ಕಂಪನಿಗಳು ಅವರನ್ನು ಕರೆದು ಕೆಲಸ ಕೊಟ್ಟರೆ ಕೇಸೂ ಬೇಕಾಗುವುದಿಲ್ಲ, ಓದುಗೂಸು ಅವರಿಗೆ ಫೈಲೂ ಹುಡುಕಬೇಕಾಗುವುದಿಲ್ಲ.

ನೇರನುಡಿ:
ಮೇಡಂ, ನೀವೂನಾ!